2010ರ ಬೊಲೆರೊ ಪಿಕಪ್: ಹತ್ತು ವರ್ಷ ಮನೆ ಮುಂದೆಯೇ ರಿಪೇರಿ ಮಾಡಿಕೊಂಡು ಓಡಿಸಿದ ಅನುಭವ

ನಮ್ಮದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕು. ಬೇಸಿಗೆಯಲ್ಲಿ ಮಾವು, ಉಳಿದ ದಿನ ಟೊಮೇಟೊ. 2010ರ ಮಾಡೆಲ್ ಬೊಲೆರೊ ಪಿಕಪ್ಪನ್ನು 2014ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. ಆಗ ಮೀಟರ್ 92,000 ಇತ್ತು, ಈಗ 2,41,000. ಇಷ್ಟರಲ್ಲಿ ಎರಡು ಕ್ಲಚ್ ಪ್ಲೇಟ್, ಮೂರು ಸಲ ಕ್ರಾಸ್ (ಎಂಜಿನ್ ಕಡೆಯಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಶಾಫ್ಟಿನ ತುದಿಯ ಕೀಲು), ಒಂದು ರೇಡಿಯೇಟರ್, ಹಿಂದಿನ ಕಮಾನು ಪಟ್ಟಿಯಲ್ಲಿ ಒಂದು ಮೇನ್ ಪ್ಲೇಟ್ ಹಾಕಿಸಿದ್ದೀನಿ. ಎಂಜಿನ್ ಇವತ್ತಿಗೂ ಬಿಚ್ಚಿಲ್ಲ. ಹಳೇ ಪಿಕಪ್ ತಗೊಳ್ಳೋಣವಾ ಬೇಡವಾ ಅಂತ ಯೋಚನೆ ಮಾಡ್ತಿರೋರಿಗೆ ನನ್ನ ಲೆಕ್ಕ ಉಪಯೋಗಕ್ಕೆ ಬರಬಹುದು.

ಇದು 2523 ಸಿಸಿ, ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್. ನನ್ನ ಗಾಡಿಯದು ಬಿಎಸ್-3 (ಹೊಗೆ ನಿಯಮದ ಹಳೇ ಹಂತ) ಕಾಲದ್ದು, ಮೆಕ್ಯಾನಿಕಲ್ ಡೀಸೆಲ್ ಪಂಪು. ಕಂಪ್ಯೂಟರ್ ಹಾಕಿ ನೋಡುವ ಕೆಲಸವೇ ಇಲ್ಲ. ತೊಂದರೆ ಬಂದರೆ ಕಣ್ಣಿಗೆ ಕಾಣುತ್ತೆ, ಕಿವಿಗೆ ಕೇಳುತ್ತೆ, ಇಲ್ಲಾ ಕೈಗೆ ಅಂಟುತ್ತೆ. ಮನೆಯಲ್ಲೇ ಕೆಲಸ ಮಾಡ್ಕೋತೀನಿ ಅನ್ನೋನಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ. ಲೋಡಿನಲ್ಲಿ ಲೀಟರಿಗೆ 11–12 ಕಿಲೋಮೀಟರ್ ಕೊಡುತ್ತೆ, ಅದರ ಬಗ್ಗೆ ಹೆಚ್ಚು ಹೇಳೋದಿಲ್ಲ.

ಹೆಚ್ಚು ಹೇಳಬೇಕಾದ್ದು ಗ್ರೀಸ್ ಬಗ್ಗೆ. ಮೊದಲ ಎರಡು ವರ್ಷ ನಾನು ಗ್ರೀಸ್ ಗನ್ ಮುಟ್ಟಿರಲಿಲ್ಲ. ಸರ್ವಿಸಿಗೆ ಬಿಟ್ಟಾಗ ಅವರೇ ಹೊಡೀತಾರೆ ಅಂದುಕೊಂಡಿದ್ದೆ. ಒಂದು ದಿನ ರಿವರ್ಸಿನಿಂದ ಫಸ್ಟಿಗೆ ಹಾಕಿ ಕ್ಲಚ್ ಬಿಟ್ಟರೆ ಅಡಿಯಲ್ಲಿ ‘ಟಕ್’ ಅಂತು. ಒಂದು ತಿಂಗಳು ಹಾಗೇ ಓಡಿಸಿದೆ. ಕೋಲಾರದಲ್ಲಿ ಪಂಕ್ಚರ್ ಹಾಕಿಸುವಾಗ ಪಕ್ಕದ ಮೆಕ್ಯಾನಿಕ್ ಅಣ್ಣ ಆ ಸದ್ದು ಕೇಳಿ ಎದ್ದು ಬಂದರು. “ಏನಪ್ಪಾ, ಕ್ರಾಸ್ ಹೋಗೈತೆ, ಕೇಳಿಸ್ತಿಲ್ವಾ? ದಾರೀಲಿ ಶಾಫ್ಟ್ ಬಿದ್ರೆ ಏನ್ ಮಾಡ್ತೀಯಾ?” ಅಂತ ನನ್ನನ್ನೇ ಅಡಿಗೆ ಕರೆದು ತೋರಿಸಿದರು. ಕ್ರಾಸಿನ ನಾಲ್ಕು ತುದಿಗೂ ಒಂದೊಂದು ಬಟ್ಟಲಿರುತ್ತೆ, ಅದರಲ್ಲಿ ಒಂದರ ಸುತ್ತ ಇಟ್ಟಿಗೆ ಪುಡಿಯ ಹಾಗೆ ಕೆಂಪು ತುಕ್ಕು ಕೂತಿತ್ತು. ಒಳಗಿನ ಸೂಜಿ ಬೇರಿಂಗ್ ಗ್ರೀಸಿಲ್ಲದೆ ಒಣಗಿ ಪುಡಿಯಾಗ್ತಿದೆ ಅನ್ನೋದಕ್ಕೆ ಅದೇ ಗುರುತು.

ಅವತ್ತಿನಿಂದ ಹದಿನೈದು ದಿನಕ್ಕೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ, ಗ್ರೀಸ್ ನಾನೇ ಹೊಡೀತೀನಿ. ಮೊದಲು ನಿಪ್ಪಲನ್ನು (ಗ್ರೀಸ್ ಒಳಗೆ ಹೋಗುವ ಸಣ್ಣ ಮೊಳೆಯಂಥ ಬಾಯಿ) ಬಟ್ಟೆಯಲ್ಲಿ ಒರೆಸಬೇಕು, ಇಲ್ಲದಿದ್ದರೆ ಮೇಲಿನ ಮಣ್ಣನ್ನು ನಾವೇ ಒಳಗೆ ತಳ್ಳಿದ ಹಾಗೆ. ಆಮೇಲೆ ನಿಧಾನಕ್ಕೆ ಒತ್ತಬೇಕು. ಮೊದಲು ಕಪ್ಪಗಿನ ಹಳೇ ಗ್ರೀಸ್ ಬರುತ್ತೆ, ಅದರ ಹಿಂದೆಯೇ ಹೊಸ ಬಣ್ಣ ಕಾಣುತ್ತೆ. ನಾಲ್ಕು ಬಟ್ಟಲಲ್ಲೂ ಹೊಸ ಗ್ರೀಸ್ ಇಣುಕಿದರೆ ಮಾತ್ರ ಕೆಲಸ ಮುಗಿದಂತೆ. ಮೂರರಲ್ಲಿ ಬಂದು ಒಂದರಲ್ಲಿ ಬರದೇ ಇದ್ದರೆ ಬಿಡಬೇಡಿ, ಮೊದಲು ಸಾಯುವುದು ಅದೇ. ಗಾಡಿಯನ್ನು ಸ್ವಲ್ಪ ಮುಂದಕ್ಕೆ ತಳ್ಳಿ, ಶಾಫ್ಟ್ ತಿರುಗಿದ ಮೇಲೆ ಮತ್ತೆ ಒತ್ತಿ ನೋಡಿ. ಹೊಸ ಕ್ರಾಸ್ ತರುವಾಗ ನಿಪ್ಪಲ್ ಇರುವುದನ್ನೇ ಕೇಳಿ ತನ್ನಿ, ಸೀಲ್ ಆದದ್ದೂ ಸಿಗುತ್ತೆ, ಅದಕ್ಕೆ ಗ್ರೀಸ್ ಹೊಡೆಯೋಕಾಗಲ್ಲ. ಕಮಾನು ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸುವ ಶ್ಯಾಕಲ್ ಪಿನ್ನಿಗೂ ನಿಪ್ಪಲ್ ಇದ್ದರೆ ಮರೀಬೇಡಿ.

ಶಾಫ್ಟ್ ಬಿಚ್ಚುವ ಮೊದಲು ಎರಡೂ ಕಡೆ ಸುಣ್ಣವೋ ಬಣ್ಣವೋ ಹಚ್ಚಿ ಗುರುತು ಮಾಡಿಕೊಳ್ಳಿ. ಎರಡನೇ ಸಲ ಕ್ರಾಸ್ ಹಾಕಿಸಿದ ಗ್ಯಾರೇಜಿನಲ್ಲಿ ಗುರುತು ಮಾಡದೆ ಬಿಚ್ಚಿ, ಕೈಗೆ ಬಂದ ಹಾಗೆ ಕೂರಿಸಿಬಿಟ್ಟರು. 50 ದಾಟಿದರೆ ಸೀಟೇ ನಡುಗ್ತಿತ್ತು. ಟೈರ್ ಇರಬೇಕು ಅಂದರು, ಬ್ಯಾಲೆನ್ಸಿಂಗ್ ಮಾಡಿಸಿದೆ, ಹೋಗಲಿಲ್ಲ. ಕೊನೆಗೆ ಮನೆಯಲ್ಲೇ ಶಾಫ್ಟ್ ಬಿಚ್ಚಿ ನೋಡಿದರೆ ಎರಡು ತುದಿಯಲ್ಲಿ ಕ್ರಾಸ್ ಹಿಡಿಯುವ ಕವಲುಗಳು ಒಂದೇ ಸಾಲಿನಲ್ಲಿ ಇರಲಿಲ್ಲ. ಸ್ಲಿಪ್ ಜಾಯಿಂಟ್ (ಶಾಫ್ಟಿನ ಎರಡು ಭಾಗ ಒಂದರೊಳಗೊಂದು ಜಾರುವ ಜಾಗ) ಎಳೆದು, ಸಾಲು ಸರಿಮಾಡಿ ಕೂರಿಸಿದೆ. ನಡುಕ ಅಲ್ಲಿಗೇ ನಿಂತಿತು.

ಡೀಸೆಲ್ ಲೈನಿನಲ್ಲಿ ಏರ್ ತೆಗೆಯೋದು ಎರಡನೆಯ ದೊಡ್ಡ ಪಾಠ. ಅದನ್ನು ಕಲಿತದ್ದು 2023ರ ಜುಲೈನಲ್ಲಿ. ಕೋಲಾರ ಮಾರುಕಟ್ಟೆಯಲ್ಲಿ 15 ಕೆಜಿ ಟೊಮೇಟೊ ಬಾಕ್ಸ್ ಎರಡು ಸಾವಿರ ದಾಟಿದ್ದ ದಿನಗಳು ಅವು. ಅಂಥ ರೇಟು ಎಷ್ಟು ದಿನ ನಿಲ್ಲುತ್ತೋ ಗೊತ್ತಿಲ್ಲ, ಒಂದು ದಿನ ತಪ್ಪಿದರೂ ನಷ್ಟ. ಹಿಂದಿನ ದಿನ ಸಂಜೆ ನಾನೇ ಡೀಸೆಲ್ ಫಿಲ್ಟರ್ ಬದಲಿಸಿದ್ದೆ. ಹೊಸ ರಬ್ಬರ್ ರಿಂಗ್ ಡಬ್ಬಿಯಲ್ಲೇ ಉಳಿದು, ಗಟ್ಟಿಯಾಗಿದ್ದ ಹಳೇ ರಿಂಗನ್ನೇ ಹಾಕಿ ಬಿಗಿದುಬಿಟ್ಟಿದ್ದೆ. ಬೆಳಗಿನ ಜಾವ 80 ಬಾಕ್ಸ್ ಹೇರಿ ಹೊರಟರೆ ಗಾಡಿ ಸ್ಟಾರ್ಟ್ ಆಯಿತು, ಕೆರೆ ಏರಿ ದಾಟುವಷ್ಟರಲ್ಲಿ ಸ್ಪೀಡ್ ಇಳಿಯುತ್ತಾ ಬಂದು ನಿಂತೇಹೋಯಿತು. ಲೈನಿನಲ್ಲಿದ್ದ ಡೀಸೆಲ್ ಇರುವ ತನಕ ಓಡಿ, ಆ ಹಳೇ ರಿಂಗಿನ ಸಂದಿಯಿಂದ ಗಾಳಿ ಬಂದ ಕೂಡಲೇ ಸತ್ತಿತ್ತು.

ತಮ್ಮ ಬೈಕಿನಲ್ಲಿ ಹೋಗಿ ಹೊಸ ರಿಂಗ್ ತಂದ. ಅವನು ಮೊಬೈಲ್ ಬೆಳಕು ಹಿಡಿದ, ನಾನು ಫಿಲ್ಟರ್ ತಲೆಯ ಮೇಲಿನ ಏರ್ ಸ್ಕ್ರೂ ಸಡಿಲ ಮಾಡಿ ಕೈ ಪಂಪ್ ಒತ್ತುತ್ತಾ ಹೋದೆ. ಮೊದಲು ಬರೀ ನೊರೆ. ಆಮೇಲೆ ದೊಡ್ಡ ಗುಳ್ಳೆ, ಸಣ್ಣ ಗುಳ್ಳೆ, ಕೊನೆಗೆ ಗುಳ್ಳೆಯೇ ಇಲ್ಲದ ಡೀಸೆಲ್. ಹಾಗೆ ಡೀಸೆಲ್ ಹರೀತಿರುವಾಗಲೇ ಸ್ಕ್ರೂ ಬಿಗಿಯಬೇಕು. ಪಂಪ್ ನಿಲ್ಲಿಸಿ ಬಿಗಿದರೆ ಮತ್ತೆ ಗಾಳಿ ಎಳೆಯುತ್ತೆ. ಅಷ್ಟಾದರೂ ಹಿಡಿಯಲಿಲ್ಲ. ಇಂಜೆಕ್ಟರ್ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ ತಮ್ಮನ ಕೈಲಿ ಸೆಲ್ಫ್ ಹೊಡೆಸಿದೆ, ಡೀಸೆಲ್ ಚಿಮ್ಮಿದ ಮೇಲೆ ಬಿಗಿದೆ. ಆಗ ಹಿಡಿಯಿತು. ಮುಕ್ಕಾಲು ಗಂಟೆ ಹೋಯಿತು, ಆದರೆ ಹರಾಜು ಸಿಕ್ಕಿತು. ಈಗ ಸೀಟಿನ ಕೆಳಗೆ ಒಂದು ಫಿಲ್ಟರ್, ಎರಡು ರಿಂಗ್, ನಟ್ಟಿನ ಅಳತೆಯ ಸ್ಪ್ಯಾನರ್ ಯಾವಾಗಲೂ ಇರುತ್ತೆ. ಫಿಲ್ಟರ್ ಬದಲಿಸಿದ ಮೇಲೆ ಹತ್ತು ನಿಮಿಷ ಓಡಿಸಿ ನೋಡದೆ ಲೋಡ್ ಹೇರೋದಿಲ್ಲ.

ರೇಡಿಯೇಟರ್ ಹಾಳಾದದ್ದಂತೂ ಪೂರ್ತಿ ನನ್ನ ತಪ್ಪು. ನಮ್ಮ ಕಡೆ ಕೊಳವೆಬಾವಿ ನೀರು ಎಂಥದ್ದು ಅಂತ ಗೊತ್ತಲ್ಲ, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಹೆಕ್ಕಳೆ ಕಟ್ಟುತ್ತೆ. ಅದೇ ನೀರನ್ನು ವರ್ಷಗಟ್ಟಲೆ ರೇಡಿಯೇಟರಿಗೆ ಸುರಿದಿದ್ದೆ. ಒಳಗಿನ ಸಣ್ಣ ಕೊಳವೆಗಳಲ್ಲೂ ಅದೇ ಹೆಕ್ಕಳೆ ಕಟ್ಟಿ, ಏರು ಹತ್ತಿದರೆ ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರ್ತಿತ್ತು. ಹೊಸದು ಹಾಕಿದ ಮೇಲೆ ಕೂಲೆಂಟ್ ಬಿಟ್ಟು ಬೇರೇನೂ ಹಾಕಿಲ್ಲ. ದಾರಿಯಲ್ಲಿ ಬೇಕಾಗಬಹುದು ಅಂತ ಒಂದು ಕ್ಯಾನ್ ಮಳೆನೀರು ಸೋಸಿ ಇಟ್ಟುಕೊಂಡಿದ್ದೀನಿ. ಬಿಸಿಯಿದ್ದಾಗ ಮುಚ್ಚಳ ಮಾತ್ರ ತೆಗೆಯಬೇಡಿ, ಮುಖ ಸುಟ್ಟುಕೊಂಡವರನ್ನು ನೋಡಿದ್ದೀನಿ.

ತುಕ್ಕು ಇನ್ನೊಂದು ಶತ್ರು. ಕೊಳೆತ ಟೊಮೇಟೊ ರಸ, ಕೊಟ್ಟಿಗೆ ಗೊಬ್ಬರ, ಎಲ್ಲಕ್ಕಿಂತ ಕೆಟ್ಟದ್ದು ಪೊಟ್ಯಾಷ್. ಅದು ಉಪ್ಪೇ. ಒಂದು ಚೀಲ ಹರಿದು ಮೂಲೆಯಲ್ಲಿ ಉಳಿದರೆ ಮುಂದಿನ ಮಳೆಗೆ ತಗಡು ತಿನ್ನೋಕೆ ಶುರು. ಗೊಬ್ಬರ ಇಳಿಸಿದ ದಿನವೇ ಹಿಂದಿನ ಬಾಗಿಲು ತೆಗೆದು ನೀರು ಹೊಡೀರಿ, ತೊಟ್ಟಿಯ ಮೂಲೆಯ ತೂತುಗಳಲ್ಲಿ ನೀರು ಇಳಿಯುತ್ತಾ ನೋಡಿ. ವರ್ಷಕ್ಕೊಮ್ಮೆ ತಂತಿ ಬ್ರಷ್ಷಲ್ಲಿ ಉಜ್ಜಿ ರೆಡ್ ಆಕ್ಸೈಡ್, ಅದರ ಮೇಲೆ ಕಪ್ಪು ಬಣ್ಣ. ಕೆಲವರು ಅಡಿಗೆಲ್ಲ ಸುಟ್ಟ ಎಂಜಿನ್ ಆಯಿಲ್ ಬಳೀತಾರೆ. ರಬ್ಬರ್ ಬುಷ್, ಬ್ರೇಕ್ ಹೋಸ್ ಮೇಲೆ ಬಿದ್ದರೆ ಅವು ಉಬ್ಬಿ ಕೆಡುತ್ತವೆ, ಹಾಗಾಗಿ ನಾನು ಮಾಡೋದಿಲ್ಲ.

ಮೇನ್ ಪ್ಲೇಟ್ ಮುರಿದದ್ದು ಮಾವಿನ ಕಾಲದಲ್ಲಿ, ಆಸೆಗೆ ಬಿದ್ದು ಹೆಚ್ಚು ಹೇರಿದಾಗ. ಆರ್‌ಸಿಯಲ್ಲಿ ಒಟ್ಟು ತೂಕ, ಖಾಲಿ ತೂಕ ಎರಡೂ ಇರುತ್ತೆ, ಕಳೆದು ನೋಡಿ ಅಷ್ಟೇ ಹೇರಿ. ಪಟ್ಟಿ ಕಟ್ಟಿಸಿಕೊಂಡು ಬಂದ ಮೇಲೆ ಮೊದಲ ವಾರದಲ್ಲೇ ಪಟ್ಟಿಯನ್ನು ಆಕ್ಸಲಿಗೆ ಬಿಗಿದಿಡುವ ಯು ಬೋಲ್ಟ್ ಮತ್ತೊಮ್ಮೆ ಬಿಗಿಯಬೇಕು, ಖಂಡಿತ ಸಡಿಲ ಆಗಿರುತ್ತೆ.

ಪಾರ್ಟ್ ಸಿಗೋದು ಕಷ್ಟವಿಲ್ಲ. ಕೋಲಾರದಲ್ಲಿ ಇಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸಿಕ್ಕೇ ಸಿಗುತ್ತೆ. ಹಳೇದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಪಕ್ಕದಲ್ಲಿಟ್ಟು ಅಳತೆ ನೋಡಿ ತನ್ನಿ. ಬಲ್ಬು, ಕನ್ನಡಿಯಂಥದ್ದಕ್ಕೆ ಲೋಕಲ್ ನಡೆಯುತ್ತೆ. ಬ್ರೇಕು, ಸ್ಟೀರಿಂಗು, ಬೇರಿಂಗಿಗೆ ಕಂಪನಿಯದೇ ಹಾಕ್ತೀನಿ. ಡೀಸೆಲ್ ಪಂಪ್, ಕ್ಲಚ್, ಅಲೈನ್‌ಮೆಂಟ್ ಮನೆಯಲ್ಲಿ ಮಾಡೋದಿಲ್ಲ. ಪಂಪಿನ ಸೀಲ್ ಮುಟ್ಟಬೇಡಿ, ಅದನ್ನು ಟೆಸ್ಟ್ ಬೆಂಚ್ ಇರುವವರೇ ನೋಡಬೇಕು.

ಕೈ ಮುಗಿದು ಕೇಳ್ಕೋತೀನಿ, ಬರೀ ಜಾಕಿ ನಂಬಿ ಗಾಡಿಯ ಕೆಳಗೆ ತಲೆ ಹಾಕಬೇಡಿ. ಮಣ್ಣಿನ ಅಂಗಳದಲ್ಲಿ ಜಾಕಿ ಓರೆಯಾಗೋದು ಕಣ್ಣಿಗೇ ಕಾಣಲ್ಲ. ನಾನು ಜಾಕಿಯ ಕೆಳಗೆ ದಪ್ಪ ಹಲಗೆ, ಚಾಸಿಯ ಕೆಳಗೆ ಎರಡು ಕಬ್ಬಿಣದ ಸ್ಟ್ಯಾಂಡ್, ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟ ಮೇಲೆಯೇ ಒಳಗೆ ಹೋಗೋದು.

ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಬೇಕು. ಈ ಸಲದ್ದು ಮುಂದಿನ ತಿಂಗಳಿದೆ. ಎಡಗಡೆ ಹಿಂದಿನ ಚಕ್ರದ ಒಳಮೈಯಲ್ಲಿ ಒದ್ದೆ ಕಾಣ್ತಿದೆ. ಬ್ರೇಕ್ ಆಯಿಲ್ ಡಬ್ಬಿಯೂ ಒಂದು ಬೆರಳು ಇಳಿದಿದೆ, ಅಂದರೆ ಚಕ್ರದೊಳಗೆ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ಸೋರ್ತಿದೆ. ಹೊಸ ಸಿಲಿಂಡರ್ ತಂದಿಟ್ಟಿದ್ದೀನಿ. ಭಾನುವಾರ ತಮ್ಮ ಬರ್ತಾನೆ, ಅವನು ಪೆಡಲ್ ತುಳಿದರೆ ನಾನು ಬ್ರೇಕ್ ಲೈನಿನ ಏರ್ ತೆಗೀತೀನಿ. ಅಲ್ಲಿ ತನಕ ಗಾಡಿ ಶೆಡ್ಡಿನಿಂದ ಆಚೆ ಬರೋದಿಲ್ಲ.