ಹೆಳವರನ್ನು ಕರೆಸಿ ವಂಶಾವಳಿ ಓದಿಸಿದೆವು: ಮುಳುಗಿದ ಊರಲ್ಲಿ ನಮ್ಮ ಬೇರು ಎಷ್ಟು ಹಳೇದು?

ಈ ಸಲ ಸುಗ್ಗಿ ಮುಗಿದ ಮೇಲೆ ಅಪ್ಪನ ಮನೆಗೆ ಹೆಳವರನ್ನು, ಅಂದರೆ ಮನೆತನಗಳ ವಂಶಾವಳಿ ಬರೆದಿಟ್ಟು ಓದಿ ಹೇಳುವವರನ್ನು, ಕರೆಸಿದ್ದೆವು. ನಮ್ಮ ವಂಶಾವಳಿಯನ್ನು ಪೂರ್ತಿ ಓದಿಸಿ ಕೇಳಿದೆವು. ಕರೆಸುವ ಮುಂಚೆ ನನಗೆ ಹತ್ತಾರು ಪ್ರಶ್ನೆಗಳಿದ್ದವು. ಎಷ್ಟು ಕೊಡಬೇಕು? ಏನು ಸಿಗುತ್ತದೆ? ಎಷ್ಟು ನಂಬಬಹುದು? ಎಲ್ಲಿ ಹುಡುಕಿದರೂ ಉತ್ತರ ಸಿಗಲಿಲ್ಲ. ಫೋನಿಗೆ, ಹೋಟೆಲಿಗೆ ಅಭಿಪ್ರಾಯ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಇವರ ಕೆಲಸದ ಬಗ್ಗೆ ಬರೆದವರು ಕಾಣಲಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ನಮ್ಮೂರು ಬಾಗಲಕೋಟೆ ತಾಲ್ಲೂಕಿನದು, ಘಟಪ್ರಭಾ ಹೊಳೆ ದಂಡೆಯಲ್ಲಿತ್ತು. ಈಗ ಆಲಮಟ್ಟಿ ಹಿನ್ನೀರಿನ ಕೆಳಗಿದೆ. ಮನೆ, ಹೊಲ, ಹಣಮಪ್ಪನ ಗುಡಿ, ಮುತ್ಯಾನ ಗದ್ದುಗೆ ಎಲ್ಲವೂ ಹೋದವು. ಬೇಸಿಗೆಯಲ್ಲಿ ನೀರು ಇಳಿದಾಗ ಗುಡಿಯ ಕಟ್ಟೆ ಸ್ವಲ್ಪ ಕಾಣುತ್ತದೆ. ನಾವೀಗ ಇರುವುದು ಪುನರ್ವಸತಿ ಕೇಂದ್ರದಲ್ಲಿ. ಅಪ್ಪನಿಗೆ ಎಪ್ಪತ್ತೆಂಟು ವರ್ಷ. ಊರು ಬಿಟ್ಟಾಗಿನಿಂದ ಅವರದು ಒಂದೇ ಮಾತು: "ಊರು ಹುಟ್ಟಿದಾಗಿಂದ ಇದ್ದವರು ನಾವು. ನಮ್ಮನ್ನ ಕಿತ್ತು ಇಲ್ಲಿ ತಂದು ಒಗದ್ರು."

ದೊಡ್ಡಪ್ಪ ಇದನ್ನು ಒಪ್ಪುತ್ತಿರಲಿಲ್ಲ. ನಮ್ಮ ಮನೆದೇವರು ಗೊಡಚಿ ವೀರಭದ್ರ. ಗೊಡಚಿ ಇರುವುದು ರಾಮದುರ್ಗ ತಾಲ್ಲೂಕಿನಲ್ಲಿ. ಊರಲ್ಲೇ ಹುಟ್ಟಿದ ಮನೆತನಕ್ಕೆ ಅಷ್ಟು ದೂರದ ಮನೆದೇವರು ಹೇಗೆ ಬಂತು ಅನ್ನುವುದು ಅವರ ವಾದ. ನಮ್ಮ ಕಡೆ ಮೂಲ ಹುಡುಕುವವರು ಮೊದಲು ಕೇಳುವುದೇ ಮನೆದೇವರು ಯಾವುದು ಅಂತ. ಊರು ಬಿಟ್ಟವರೂ ದೇವರನ್ನು ಬಿಟ್ಟಿರುವುದಿಲ್ಲ, ಅಲ್ವಾ?

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಕಾಗದ ನೋಡದೆ ಏನನ್ನೂ ನಂಬುವ ಅಭ್ಯಾಸ ಇಲ್ಲ. ಹಾಗಾಗಿ ಮೊದಲು ಕಾಗದದ ದಾರಿಯನ್ನೇ ಹಿಡಿದೆ.

ಭೂಮಿ ವೆಬ್‌ಸೈಟಿನಲ್ಲಿ ಸಿಗುವ ಪಹಣಿ ಕಂಪ್ಯೂಟರ್ ಬಂದ ಕಾಲದಿಂದ ಈಚಿನದು, ಅಂದರೆ ಸುಮಾರು 2000ದಿಂದ ಈಚೆಗೆ. ನಮ್ಮ ಸರ್ವೆ ನಂಬರಿನಲ್ಲಿ ಅಪ್ಪನ ಹೆಸರು ಹೋಗಿ ಭೂಸ್ವಾಧೀನ ಅಂತ ಬಂದಿದೆ. ಅಲ್ಲಿಗೆ ಮುಗಿಯಿತು. ಅದಕ್ಕಿಂತ ಹಳೇದು ಬೇಕೆಂದರೆ ಕೈಬರಹದ ಉತಾರ (ಹಳೇ ಪಹಣಿ), ಹಕ್ಕು ಬದಲಾವಣೆಯ ಡೈರಿ ಇವುಗಳಿಗೆ ರೆಕಾರ್ಡ್ ರೂಮಿಗೇ ಹೋಗಬೇಕು. ಒಂದು ಕಚೇರಿಗೆ ಐದು ಸಲ ಅಲೆದೆ. ನಾಲ್ಕು ಸಲ "ಇವತ್ತು ಆಗಲ್ಲ, ಮುಂದಿನ ವಾರ ಬರ್ರಿ" ಅಂದರು. ಐದನೇ ಸಲ ಒಂದು ಪುಸ್ತಕ ಕೊಟ್ಟರು, ನಮಗೆ ಬೇಕಾದ ಹಾಳೆಯ ಅಂಚು ಹುಡಿಯಾಗಿ ಹೋಗಿತ್ತು. ಅದರಲ್ಲೂ ಒಂದು ಉತಾರ ಸಿಕ್ಕಿತು, 1920ರ ದಶಕದ್ದು. ನಮ್ಮ ಕಡೆ ಆಗ ಮುಂಬಯಿ ಪ್ರಾಂತ. ಹಳೇ ಕಾಗದದಲ್ಲಿ ಎಷ್ಟೋ ಮೋಡಿ ಅಕ್ಷರದಲ್ಲಿ, ಅಂದರೆ ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿಯಲ್ಲಿ ಇವೆ. ಎರಡು ಹಾಳೆ ಓದಿಸಲು ಧಾರವಾಡದ ಒಬ್ಬ ನಿವೃತ್ತ ಮೇಷ್ಟ್ರನ್ನು ಹುಡುಕಬೇಕಾಯಿತು. ಪುಣ್ಯಾತ್ಮರು, ಒಂದು ಪೈಸೆ ತೆಗೆದುಕೊಳ್ಳಲಿಲ್ಲ.

ನಾಡಕಚೇರಿಯಿಂದ ಸಿಗುವ ವಂಶವೃಕ್ಷವನ್ನೂ ಮಾಡಿಸಿದೆ. ಅದು ಆಸ್ತಿ, ವಾರಸಾ ಕೆಲಸಕ್ಕೆ ಬೇಕೇ ಬೇಕು. ಆದರೆ ನಮ್ಮದು ಮುತ್ಯಾನ (ಅಪ್ಪನ ಅಪ್ಪನ) ಹೆಸರಿನಿಂದ ಶುರುವಾಗುತ್ತದೆ, ಅದರ ಹಿಂದಕ್ಕೆ ಹೋಗುವುದಿಲ್ಲ. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ಉಗುಳು ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿದ. ದಕ್ಷಿಣ ಭಾರತದವರು ಅಂತ ಉತ್ತರ ಬಂತು. ಅಷ್ಟು ನಮಗೂ ಗೊತ್ತಿತ್ತು.

ಇನ್ನು ಹೆಳವರ ವಿಷಯ.

ಉತ್ತರ ಕರ್ನಾಟಕದ ಹಳ್ಳಿಯವರಿಗೆ ಹೆಳವರು ಅಂದರೆ ವಿವರಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಮನೆತನಗಳ ಹುಟ್ಟು, ಸಾವು, ವಲಸೆ, ಪಾಲು ಎಲ್ಲವನ್ನೂ ತಲೆತಲಾಂತರದಿಂದ ಬರೆದಿಟ್ಟುಕೊಂಡು, ಸುಗ್ಗಿಯ ನಂತರ ಮನೆ ಮನೆಗೆ ಬಂದು ಹೇಳುವವರು ಅವರು. ಹೆಳವ ಅಂದರೆ ಕಾಲಿಲ್ಲದವನು. ನಮ್ಮ ಆಯಿ ಕಂಡಂತೆ, ಅವರು ಎತ್ತಿನ ಮೇಲೆ ಕೂತು, ಕಾಲು ಕಾಣದ ಹಾಗೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಬರುತ್ತಿದ್ದರು. ಕಾಲಿಲ್ಲದ ತಮ್ಮ ಮೂಲಪುರುಷನಿಗೆ ಬಸವಣ್ಣನೇ ಎತ್ತು ಕೊಟ್ಟು ಈ ಕಾಯಕ ಹಚ್ಚಿದ ಅಂತ ಅವರು ಹೇಳಿಕೊಳ್ಳುತ್ತಾರೆ. ಯಾವ ಮನೆತನ ಯಾವ ಹೆಳವರಿಗೆ ಒಕ್ಕಲು ಅನ್ನುವುದು ಅವರವರಲ್ಲೇ ಹಂಚಿಕೆಯಾಗಿರುತ್ತದೆ. ಒಬ್ಬರ ಒಕ್ಕಲಿಗೆ ಇನ್ನೊಬ್ಬರು ಹೋಗುವುದಿಲ್ಲ.

ಊರು ಮುಳುಗಿದ ಮೇಲೆ ನಮ್ಮ ಹೆಳವರು ಬಂದಿರಲೇ ಇಲ್ಲ. ಒಂದೇ ಓಣಿಯವರು ಬೇರೆ ಬೇರೆ ಪುನರ್ವಸತಿ ಕೇಂದ್ರಕ್ಕೆ ಹೋಗಿದ್ದೆವು. ಕೆಲವರು ಬಾಗಲಕೋಟೆಯ ನವನಗರ ಸೇರಿದರು, ಕೆಲವರು ಗೋವಾಕ್ಕೆ ದುಡಿಯಲು ಹೋದರು. ಹೆಳವರು ನಮ್ಮನ್ನು ಎಲ್ಲಿ ಅಂತ ಹುಡುಕಬೇಕು? ಕೊನೆಗೆ ಬೀಳಗಿ ಕಡೆಯ ನಮ್ಮ ಬೀಗರ ಮನೆಗೆ ಬರುವ ಹೆಳವರ ಮೂಲಕ ಸುಳಿವು ಸಿಕ್ಕಿತು. ನಮ್ಮ ಪುಸ್ತಕ ಇದ್ದವರಿಗೆ ಫೋನ್ ಹೋಯಿತು. ಎಂಟು ದಿನಕ್ಕೆ ಒಬ್ಬ ಅಜ್ಜ ಮತ್ತು ಅವರ ಮಗ ಬಂದರು. ಎತ್ತು ಇರಲಿಲ್ಲ, ಮೋಟಾರ್ ಸೈಕಲ್ ಮೇಲೆ ಬಂದರು. ಪುಸ್ತಕಗಳು ಎರಡು ಚೀಲದಲ್ಲಿ, ಕೆಂಪು ಬಟ್ಟೆಯಲ್ಲಿ ಸುತ್ತಿದ್ದವು.

ಅಪ್ಪ ಬಾಗಿಲಲ್ಲೇ ಕೇಳಿದರು: "ಇಷ್ಟು ವರ್ಷ ಎಲ್ಲಿದ್ದಿ ಹೆಳವಜ್ಜಾ? ನಮ್ಮೂರ ಮುಳುಗಿ ಹೋತಲ್ಲ."

"ಊರ ಮುಳುಗಿದ್ರ ಏನಾತ್ರೀ ಯಪ್ಪಾ, ನೀವು ಮುಳುಗಿಲ್ಲಲ್ಲ," ಅಂದರು ಅಜ್ಜ.

ಬೆಳಿಗ್ಗೆ ಎಂಟಕ್ಕೆ ಕಂಬಳಿ ಹಾಸಿದೆವು. ಪುಸ್ತಕಕ್ಕೆ ವಿಭೂತಿ, ಕುಂಕುಮ ಹಚ್ಚಿ, ಕಾಯಿ ಒಡೆದು, ಮನೆಯವರೆಲ್ಲ ಕೂತೆವು. ಅಜ್ಜ ಅದನ್ನು ನಾವು ಓದುವ ಹಾಗೆ ಓದುವುದಿಲ್ಲ. ರಾಗವಾಗಿ, ಒಂದೇ ಉಸಿರಿನಲ್ಲಿ ಹತ್ತು ಹೆಸರು ಹೇಳಿ ನಿಲ್ಲುತ್ತಾರೆ. ಆಮೇಲೆ ಬೆರಳಿಟ್ಟು ಒಬ್ಬೊಬ್ಬರ ಕಥೆ. ಮೊದಲು ಬೆಡಗು (ಕುಲದ ಒಳಪಂಗಡ), ಮನೆದೇವರು, ಮೂಲ ಊರು. ನಂತರ ಅಣ್ಣತಮ್ಮಂದಿರು ಎಷ್ಟು ಜನ, ಯಾರ ಬಳ್ಳಿ ಮುಂದುವರಿಯಿತು, ಯಾರದು ನಿಂತಿತು. ಸುಮಾರು ಎರಡೂವರೆ ತಾಸು ಹಿಡಿಯಿತು. ಫೋನಿನಲ್ಲಿ ದನಿ ತುಂಬಿಕೊಳ್ಳಲು ಒಪ್ಪಿದರು, ಪುಸ್ತಕದ ಫೋಟೋಕ್ಕೆ ಒಪ್ಪಲಿಲ್ಲ. ಅದು ಅವರ ಅನ್ನದ ಪ್ರಶ್ನೆ, ಒತ್ತಾಯ ಮಾಡಬೇಡಿ.

ಸಿಕ್ಕ ಉತ್ತರ ಇದು: ಮುಳುಗಿದ ಊರಲ್ಲಿ ನಮ್ಮದು ಅಪ್ಪನವರೆಗೆ ಏಳು ತಲೆಮಾರು. ಏಳನೆಯ ಹಿರಿಯ ಹೊರಗಿನಿಂದ ಬಂದವನು. ಮಲಪ್ರಭಾ ಸೀಮೆಯಿಂದ, ರಾಮದುರ್ಗದ ಕಡೆಯಿಂದ, ಹೆಂಡತಿ, ಒಬ್ಬ ತಮ್ಮ ಮತ್ತು ಎರಡು ಎತ್ತಿನ ಜೊತೆ ಬಂದವನು. ಗೊಡಚಿ ವೀರಭದ್ರ ಅವನ ಜೊತೆಗೇ ಬಂದಿದ್ದಾನೆ. ದೊಡ್ಡಪ್ಪ ಹೇಳಿದ್ದೇ ಸರಿ. ಅವರು ತೀರಿಕೊಂಡು ಮೂರು ವರ್ಷವಾಯಿತು. ಕೇಳಿಸಿಕೊಳ್ಳಲು ಅವರಿಲ್ಲವಲ್ಲ ಅಂತ ನನಗೆ ಅಲ್ಲೇ ಅಳು ಬಂತು.

ಒಂದು ತಲೆಮಾರಿಗೆ ಇಪ್ಪತ್ತೇಳು ವರ್ಷ ಹಿಡಿದರೆ ಆ ಹಿರಿಯ ಹುಟ್ಟಿದ್ದು 1785ರ ಆಸುಪಾಸು. ಅವನು ಹುಟ್ಟಿ ಬೆಳೆಯುವ ಕಾಲ ಆ ಸೀಮೆಗೆ ಒಳ್ಳೆಯದಾಗಿರಲಿಲ್ಲ. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದಕ್ಕೆ ಮುತ್ತಿಗೆ ಹಾಕಿತ್ತು. 1791–92ರಲ್ಲಿ ಭೀಕರ ಬರ ಬಿದ್ದಿತ್ತು. ಯಾಕೆ ಊರು ಬಿಟ್ಟ ಅಂತ ಪುಸ್ತಕ ಹೇಳುವುದಿಲ್ಲ. "ಹೊಳಿ ದಾಟಿ ಬಂದ, ಎರಿ ಹೊಲ ಹಿಡಿದ" ಅಂತ ಮಾತ್ರ ಇದೆ.

ನಾನು ಇದನ್ನು ಸುಮ್ನೆ ನಂಬಲಿಲ್ಲ. ಕೈಯಲ್ಲಿದ್ದ ಉತಾರದ ಜೊತೆ ಹೋಲಿಸಿದೆ. ಮೂರು ಹೆಸರಿನಲ್ಲಿ ಎರಡು ಸರಿಯಾಗಿ ಹೊಂದಿದವು. ಮೂರನೆಯದು ಹೊಂದಲಿಲ್ಲ. ಉತಾರದಲ್ಲಿದ್ದದ್ದು ನಮ್ಮ ನೇರ ಹಿರಿಯನ ಅಣ್ಣನ ಹೆಸರು. ಕೂಡು ಕುಟುಂಬದಲ್ಲಿ ಆಗ ಹೆಚ್ಚಾಗಿ ಹಿರಿಯವನ ಹೆಸರಷ್ಟೇ ಸರ್ಕಾರಿ ಕಾಗದಕ್ಕೆ ಏರುತ್ತಿತ್ತು, ತಮ್ಮಂದಿರು ಕಾಣುತ್ತಿರಲಿಲ್ಲ. ಹೆಳವರ ಪುಸ್ತಕದಲ್ಲಿ ಆ ಅಣ್ಣನೂ ಇದ್ದ, ತಮ್ಮನೂ ಇದ್ದ. ನನಗೆ ನಂಬಿಕೆ ಬಂದದ್ದು ಇಲ್ಲಿ. ಕಾಗದ ಹೊಲದ ಹಿಂದೆ ಹೋಗುತ್ತದೆ, ಹೊಲ ಇಲ್ಲದವನು ಅದರಲ್ಲಿ ಇಲ್ಲ. ಇವರ ಪುಸ್ತಕ ಮನುಷ್ಯರ ಹಿಂದೆ ಹೋಗುತ್ತದೆ.

ಒಂದು ಕಡೆ ಅಜ್ಜನ ದನಿ ಇಳಿಯಿತು. ಐದು ಜನ ಅಣ್ಣತಮ್ಮಂದಿರು. ನಾಲ್ಕು ಬಳ್ಳಿ ಅಲ್ಲೇ ನಿಂತಿವೆ. "ಧಾತು ಸಂವತ್ಸರ, ಬರ" ಅಂತ ಬರೆದಿದೆ. ಉಳಿದ ಒಬ್ಬ ಸಣ್ಣ ಹುಡುಗ. ಅವನೇ ನಮ್ಮ ಮುತ್ಯಾನ ಅಜ್ಜ. ಧಾತು ಸಂವತ್ಸರ 1876–77, ಅದರ ಮರುವರ್ಷ ಈಶ್ವರ. ಆಗ ನಮ್ಮದು ಕಲಾದಗಿ ಜಿಲ್ಲೆ. 1872ರಲ್ಲಿ ಎಂಟು ಲಕ್ಷದಷ್ಟು ಇದ್ದ ಜನ 1881ರ ಹೊತ್ತಿಗೆ ಆರೂವರೆ ಲಕ್ಷದ ಒಳಗೆ ಇಳಿದಿದ್ದರು. ಈ ಲೆಕ್ಕವನ್ನು ನಾನು ಮೊದಲೂ ಓದಿದ್ದೆ. ಅದರಲ್ಲಿ ನಾಲ್ಕು ಜನ ನಮ್ಮ ಮನೆಯವರು ಅಂತ ಗೊತ್ತಿರಲಿಲ್ಲ.

ಕೊರತೆಗಳನ್ನೂ ಹೇಳಬೇಕು.

ಮೊದಲನೆಯದು ಇಸವಿ. ಪುಸ್ತಕದಲ್ಲಿ ಸಂವತ್ಸರದ ಹೆಸರು ಮಾತ್ರ ಇರುತ್ತದೆ. ಅದು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಧಾತು 1876ರಲ್ಲೂ ಬಂತು, 1936ರಲ್ಲೂ ಬಂತು. 1936ರಲ್ಲಿ ನಮ್ಮ ಮುತ್ಯಾ ಹದಿನೆಂಟು ವರ್ಷದವರು ಅಂತ ಶಾಲೆ ದಾಖಲೆಯಿಂದ ಗೊತ್ತಿತ್ತು. ಹಾಗಾಗಿ ಇದು 1876ರದ್ದೇ ಅಂತ ಬಿಡಿಸಲು ಆಯಿತು. ನಿಮ್ಮ ಹತ್ತಿರ ಅಂಥ ಒಂದಾದರೂ ಗಟ್ಟಿ ದಾಖಲೆ ಇಟ್ಟುಕೊಂಡು ಕೂರಿ. ಇನ್ನೊಂದು ತೊಡಕು ಹೆಸರುಗಳದು. ಮೊಮ್ಮಗನಿಗೆ ಅಜ್ಜನ ಹೆಸರು ಇಡುವ ಪದ್ಧತಿಯಿಂದ ನಮ್ಮಲ್ಲಿ ಮಲ್ಲಪ್ಪ, ಬಸಪ್ಪ ಎರಡೇ ಹೆಸರು ಸುತ್ತುತ್ತವೆ. ನಾಲ್ಕು ಸಲ ನಿಲ್ಲಿಸಿ "ಅಜ್ಜಾರ, ಇವ ಯಾವ ಮಲ್ಲಪ್ಪ?" ಅಂತ ಕೇಳಿದೆ. ಅವರು ಬೇಸರ ಮಾಡಿಕೊಳ್ಳದೆ ಮತ್ತೆ ಹೇಳಿದರು.

ನನಗೆ ಜಾಸ್ತಿ ನೋವಾದದ್ದು ಹೆಣ್ಣುಮಕ್ಕಳ ವಿಷಯಕ್ಕೆ. ನಮ್ಮ ಪುಸ್ತಕದಲ್ಲಿ ಮನೆಯ ಹೆಣ್ಣುಮಕ್ಕಳು "ಹೆಣ್ಣು ಮೂರು", "ಹೆಣ್ಣು ಎರಡು" ಅಂತ ಎಣಿಕೆಯಲ್ಲಿ ಇದ್ದಾರೆ, ಹೆಸರಿನಲ್ಲಿ ಇಲ್ಲ. ಸೊಸೆಯಂದಿರಲ್ಲಿ ಇಬ್ಬರ ಹೆಸರು ಮಾತ್ರ ಸಿಕ್ಕಿತು. ಅದೂ ಆ ಹಿರಿಯನಿಗೆ ಇಬ್ಬರು ಹೆಂಡಂದಿರು ಇದ್ದು, ಯಾರ ಮಗ ಯಾರು ಅಂತ ಬಿಡಿಸಿ ಹೇಳಬೇಕಾಗಿದ್ದರಿಂದ. ಬರದ ವರ್ಷ ಆ ಒಂದು ಹುಡುಗನನ್ನು ಬದುಕಿಸಿದ ತಾಯಿಯ ಹೆಸರು ಕೇಳಿದೆ. ಇಲ್ಲ.

ಅಪ್ಪನಿಗೆ ನಾವಿಬ್ಬರೂ ಹೆಣ್ಣುಮಕ್ಕಳು. ನಮ್ಮ ಹೆಸರು ಬರೆಯಿರಿ ಅಂದೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಿಂದ ಹಂಗ ಬರ್ದಿಲ್ಲ ತಂಗಿ" ಅಂದರು. ಆಗ ಅಪ್ಪನೇ "ಬರಿಯೋ ಮಾರಾಯಾ, ನನಗ ಮತ್ಯಾರ ಅದಾರ?" ಅಂದರು. ಅಜ್ಜ ಮಗನ ಕೈಗೆ ಪೆನ್ನು ಕೊಟ್ಟರು. ನನ್ನದು, ತಂಗಿಯದು, ಅವ್ವನದು, ನನ್ನ ಮಗಳದು, ನಾಲ್ಕೂ ಹೆಸರು ನೀಲಿ ಶಾಯಿಯಲ್ಲಿ ಏರಿದವು. ನೀವೂ ಕೇಳಿ. ಕೇಳದಿದ್ದರೆ ಬರೆಯುವುದಿಲ್ಲ.

ಖರ್ಚಿಗೆ ಇಷ್ಟೇ ಅಂತ ರೇಟ್ ಇಲ್ಲ. ಹಿಂದೆ ಆಕಳು, ಕುರಿ, ತಾಮ್ರದ ಹಂಡೆ ಕೊಡುತ್ತಿದ್ದರಂತೆ. ನಾವು ಐದು ಸಾವಿರ ರೂಪಾಯಿ, ಒಂದು ಚೀಲ ಬಿಳಿಜೋಳ, ಇಬ್ಬರಿಗೂ ಧೋತರ, ಒಂದು ತಾಮ್ರದ ಕೊಡ ಕೊಟ್ಟೆವು. ಊಟಕ್ಕೆ ಹೋಳಿಗೆ ಮಾಡಿದ್ದೆವು. ಮೊದಲು ಅವರು ಕೇಳಿದ್ದು ಜಾಸ್ತಿ ಇತ್ತು, ಅಪ್ಪನ ಜೊತೆ ಮಾತಾಡಿ ಇಲ್ಲಿಗೆ ಬಂತು. ವರ್ಷವಿಡೀ ತಿರುಗಿ, ನೂರಾರು ಮನೆಯ ಲೆಕ್ಕ ಇಟ್ಟು, ಮಳೆ ಗೆದ್ದಲಿನಿಂದ ಪುಸ್ತಕ ಕಾಯ್ದುಕೊಂಡು ಬಂದವರಿಗೆ ಇದು ಹೆಚ್ಚೇನಲ್ಲ. ಇದು ಕಚೇರಿ ಕೆಲಸಕ್ಕೆ ನಡೆಯುವ ದಾಖಲೆ ಅಲ್ಲ ಅನ್ನುವುದನ್ನೂ ನೆನಪಿಡಿ. ಆಸ್ತಿ ತಕರಾರಿಗೆ ನಾಡಕಚೇರಿಯ ಕಾಗದವೇ ಬೇಕು.

ಆಲಮಟ್ಟಿಯ ನೀರನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಯೋಜನೆ ಇದೆ. ಅದು ಜಾರಿಯಾದರೆ ಇನ್ನಷ್ಟು ಊರುಗಳು ಹೋಗುತ್ತವೆ. ಆ ದಂಡೆಯವರಿಗೆ ನನ್ನದೊಂದು ಬೇಡಿಕೆ. ಪರಿಹಾರದ ಕಾಗದ ಹೊಂದಿಸುವ ಜೊತೆಗೇ ನಿಮ್ಮ ಹೆಳವರನ್ನೂ ಕರೆಸಿ. ಓಣಿಯವರೆಲ್ಲ ಒಂದೇ ಕಡೆ ಇರುವಾಗಲೇ ಓದಿಸಿ, ಎಲ್ಲಿಗೆ ಹೋಗುತ್ತೀರಿ ಅಂತ ಅವರ ಪುಸ್ತಕದಲ್ಲಿ ಬರೆಸಿ, ಫೋನ್ ನಂಬರ್ ಕೊಡಿ. ನಾವು ಅದನ್ನು ಮಾಡಿರಲಿಲ್ಲ. ಗೋವಾಕ್ಕೆ ಹೋದ ನಮ್ಮ ಇಬ್ಬರು ದಾಯಾದಿಗಳ ಮನೆ ಇನ್ನೂ ಸಿಕ್ಕಿಲ್ಲ. ಅವರ ಜಾಗ ಪುಸ್ತಕದಲ್ಲಿ ಖಾಲಿ ಇದೆ.

ಓದು ಮುಗಿದ ಮೇಲೆ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಹೆಳವಜ್ಜ ಪುಸ್ತಕ ಕಟ್ಟುವಾಗ ಒಂದೇ ಪ್ರಶ್ನೆ ಕೇಳಿದರು: "ಅಲ್ಲಿ, ರಾಮದುರ್ಗದ ಕಡೆ, ಅವಂಗ ಹೊಲ ಇತ್ತೇನು?"

"ಅದು ನನ್ನ ಪುಸ್ತಕದಾಗ ಇಲ್ರೀ ಯಪ್ಪಾ. ಆ ಸೀಮಿ ಹೆಳವರು ಬ್ಯಾರೆ. ಅವರನ್ನ ಕೇಳಬೇಕು."

ಈ ಸಲ ಗೊಡಚಿ ಜಾತ್ರೆಗೆ ಹೋದಾಗ ಕೇಳಿಕೊಂಡು ಬರೋಣ ಅಂತ ಅಪ್ಪ ಈಗಲೇ ಹೇಳುತ್ತಿದ್ದಾರೆ. ಒಂದು ಚೀಲ ಜೋಳ ತೆಗೆದು ಇಡಿಸಿದ್ದಾರೆ.