ಸಂಬಳ ಎಷ್ಟೆಂದು ಕೇಳಿದೆ, ಮನೆ ಎಲ್ಲಿ ಎಂದು ಕೇಳಲಿಲ್ಲ

ಕಳೆದ ವಾರ ಬ್ರಹ್ಮಾವರದ ಕಡೆಯ ಇಬ್ಬರು ಹುಡುಗರು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಇಬ್ಬರೂ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವರು. ಒಬ್ಬನ ಕೈಯಲ್ಲಿ ಉದ್ಯೋಗದ ಪತ್ರ ಎಂದು ಹೇಳಿಕೊಳ್ಳುವ ಒಂದು ಹಾಳೆ ಇತ್ತು. ಅದರ ಒಕ್ಕಣೆ, ಅಕ್ಷರದ ಗಾತ್ರ, ಸಹಿಗೆ ಬಿಟ್ಟ ಜಾಗ ಎಲ್ಲವೂ 2023ರಲ್ಲಿ ನನಗೆ ಬಂದ ಪತ್ರದಂತೆಯೇ. ಊರೂ ಅದೇ, ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿರುವ ಲಾಂಗ್‌ಇಯರ್‌ಬೀನ್. "ಅಣ್ಣ, ನೀವು ಅಲ್ಲಿಗೆ ಹೋಗಿ ಬಂದವರಂತೆ. ಚಳಿಗೆ ಯಾವ ಜಾಕೆಟ್ ಒಳ್ಳೆಯದು?" ಎಂದು ಕೇಳಿದರು. ಹೊರಡುವ ಮೊದಲು ನಾನು ಎಲ್ಲರನ್ನೂ ಕೇಳುತ್ತಿದ್ದುದು ಇದೇ ಪ್ರಶ್ನೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಉಡುಪಿಯವನು. ಎಂಟು ವರ್ಷ ಪ್ರವಾಸಿ ಹಡಗುಗಳ ಅಡುಗೆಮನೆಯಲ್ಲಿ ದುಡಿದೆ. ಮದುವೆಯಾದ ಮೇಲೆ ಸಮುದ್ರ ಸಾಕೆಂದು ಮಂಗಳೂರಿನ ಹೋಟೆಲೊಂದಕ್ಕೆ ಸೇರಿ ಬಿಜೈಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಹಡಗಿನಲ್ಲಿ ಬರುತ್ತಿದ್ದುದರ ಅರ್ಧದಷ್ಟೂ ಸಂಬಳ ಇರಲಿಲ್ಲ. ಹೆಂಡತಿ ಗರ್ಭಿಣಿ ಎಂದು ತಿಳಿದ ತಿಂಗಳೇ ಹಂಪನಕಟ್ಟೆಯ ಬಳಿ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿದ್ದ ಏಜೆಂಟರನ್ನು ನೋಡಲು ಹೋದೆ. ಹೋದದ್ದು ಕೆನಡಾ ವಿಚಾರಿಸಲು. "ಕೆನಡಾಕ್ಕೆ ಈಗ ನೂಕುನುಗ್ಗಲು. ವೀಸಾವೇ ಬೇಡದ ಜಾಗ ಒಂದು ಉಂಟು ಮಾರಾಯರೇ, ಇಲ್ಲಿ ಯಾರಿಗೂ ಗೊತ್ತಿಲ್ಲ" ಎಂದು ಅವರು ಗೋಡೆಯ ಭೂಪಟದ ಮೇಲಿನ ಅಂಚಿಗೆ ಬೆರಳಿಟ್ಟರು. ನಾರ್ವೆಯ ಉತ್ತರಕ್ಕಿರುವ ಸ್ವಾಲ್‌ಬಾರ್ಡ್ ದ್ವೀಪಗಳು.

ಆ ಮನುಷ್ಯ ಹೇಳಿದ್ದರಲ್ಲಿ ಬಹುಪಾಲು ನಿಜ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. 1920ರ ಸ್ವಾಲ್‌ಬಾರ್ಡ್ ಒಪ್ಪಂದದಿಂದಾಗಿ ಅಲ್ಲಿ ನೆಲೆಸಲು ವೀಸಾ ಬೇಕಿಲ್ಲ, ಕೆಲಸ ಮಾಡಲು ಪರವಾನಗಿಯೂ ಬೇಕಿಲ್ಲ. ಆ ಒಪ್ಪಂದದಲ್ಲಿ ಭಾರತವೂ ಇದೆ. ಆದಾಯ ತೆರಿಗೆ ನಾರ್ವೆಯ ಮುಖ್ಯ ಭೂಭಾಗಕ್ಕಿಂತ ಕಡಿಮೆ. ನಮ್ಮ ಸರ್ಕಾರದ 'ಹಿಮಾದ್ರಿ' ಸಂಶೋಧನಾ ಕೇಂದ್ರ 2008ರಿಂದ ಅಲ್ಲಿದೆ. ನಾನು ಮನೆಗೆ ಬಂದು ಮೊಬೈಲಿನಲ್ಲಿ ಇವೆಲ್ಲವನ್ನೂ ಒಂದೊಂದಾಗಿ ಹುಡುಕಿದೆ. ಹುಡುಕಿದ್ದೆಲ್ಲ ಸರಿಯಾಗಿಯೇ ಸಿಕ್ಕಿತು. ಇಷ್ಟು ವಿಷಯ ನಿಜವಾದ ಮೇಲೆ ಉಳಿದದ್ದೂ ನಿಜವೇ ಇರಬೇಕು ಎಂದುಕೊಂಡೆ. ಹಿಮಾದ್ರಿ ಇರುವುದು ನ್ಯೂ ಓಲೆಸುಂಡ್ ಎಂಬ ಬೇರೆ ನೆಲೆಯಲ್ಲಿ, ಲಾಂಗ್‌ಇಯರ್‌ಬೀನ್‌ನಿಂದ ನೂರು ಕಿಲೋಮೀಟರಿಗೂ ಆಚೆ, ಮಧ್ಯೆ ರಸ್ತೆಯೇ ಇಲ್ಲ ಎಂಬುದನ್ನು ಆಗ ಗಮನಿಸಲಿಲ್ಲ. "ನಮ್ಮವರು ಇದ್ದಾರೆ" ಎಂಬ ಮಾತೇ ನನಗೆ ಸಾಕಾಗಿತ್ತು.

ಸುಳ್ಳುಗಳು ಈ ನಿಜಗಳ ಸಂದಿಯಲ್ಲಿ ಇದ್ದವು. ಏಳು ವರ್ಷ ಅಲ್ಲಿ ಇದ್ದರೆ ನಾರ್ವೆಯ ಪೌರತ್ವ ಸಿಗುತ್ತದೆ ಎಂದರು. ಸ್ವಾಲ್‌ಬಾರ್ಡ್‌ನಲ್ಲಿ ಕಳೆದ ವರ್ಷಗಳು ನಾರ್ವೆಯ ಕಾಯಂ ವಾಸಕ್ಕೆ ಲೆಕ್ಕಕ್ಕೇ ಬರುವುದಿಲ್ಲ. ಡಿಸೆಂಬರ್ ಕೊನೆಗೆ ಹೆಂಡತಿಯನ್ನು ಕರೆಸಿಕೊಳ್ಳಿ, ಮಗು ಅಲ್ಲಿ ಹುಟ್ಟಿದರೆ ಹುಟ್ಟಿನಿಂದಲೇ ನಾರ್ವೆಯ ಪ್ರಜೆ ಎಂದರು. ನಾರ್ವೆಯಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಲಾಂಗ್‌ಇಯರ್‌ಬೀನ್‌ನ ಪುಟ್ಟ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವುದೇ ಇಲ್ಲ. ಗರ್ಭಿಣಿಯರು ದಿನ ತುಂಬುವ ಮೊದಲೇ ಮುಖ್ಯ ಭೂಭಾಗಕ್ಕೆ ಹೋಗಬೇಕು. ಹತ್ತಿರದ ದೊಡ್ಡ ಆಸ್ಪತ್ರೆ ಇರುವ ಟ್ರೊಮ್ಸೋ ನಗರ ಸುಮಾರು 950 ಕಿಲೋಮೀಟರ್ ದೂರ, ಅದೂ ಸಮುದ್ರದ ಆಚೆ. ಅಮ್ಮ ಮಾತ್ರ "ಬಾಣಂತನಕ್ಕೆ ಅಲ್ಲಿ ಯಾರಿದ್ದಾರೆ?" ಎಂದು ಮೂರು ಸಲ ಕೇಳಿದರು. ಮೂರು ಸಲವೂ ನಾನು ರೇಗಿದೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಏಜೆಂಟರು ಕೇಳಿದ್ದು 2,40,000 ರೂಪಾಯಿ, ಮೂರು ಕಂತಿನಲ್ಲಿ. ಅಮ್ಮನ ಬಳೆಗಳನ್ನು ಸೊಸೈಟಿಯಲ್ಲಿ ಅಡವಿಟ್ಟು ಮೊದಲ ಕಂತು ಕಟ್ಟಿದೆ. ರಸೀದಿಯಲ್ಲಿ 'ಸಮಾಲೋಚನಾ ಶುಲ್ಕ' ಎಂದು ಬರೆದಿದ್ದರು. ಉದ್ಯೋಗದ ಮಾತೇ ಅದರಲ್ಲಿ ಇರಲಿಲ್ಲ. ಯಾಕೆ ಹಾಗೆ ಬರೆಯುತ್ತಾರೆ ಎಂಬುದು ಹಿಂತಿರುಗಿದ ಮೇಲೆ ಗೊತ್ತಾಯಿತು. 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶದ ಕೆಲಸಕ್ಕೆ ಜನರನ್ನು ಕಳುಹಿಸುವವರು ಕೇಂದ್ರ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಬೇಕು. ಕೆಲಸಕ್ಕೆ ಹೋಗುವವರಿಂದ ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ನೋಂದಾಯಿತ ಏಜೆಂಟರ ಹೆಸರುಗಳು ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಇರುತ್ತವೆ. ನೋಡಲು ಐದು ನಿಮಿಷ ಸಾಕು. ಜಾಕೆಟ್ ಹುಡುಕಲು ನಾನು ಕಳೆದದ್ದು ಐದು ವಾರ.

ಆ ಜಾಕೆಟ್‌ನ ಕಥೆಯನ್ನೂ ಹೇಳುತ್ತೇನೆ, ಏಕೆಂದರೆ ಕರಾವಳಿಯವರು ಇದರಲ್ಲಿ ಹಣ ಕಳೆದುಕೊಳ್ಳುತ್ತಾರೆ. ಆಟಿಯ ಮಳೆಗಾಲದಲ್ಲಿ ದೊಡ್ಡ ಚರ್ಮದ ಜಾಕೆಟ್ ಕೊಂಡು ಕಪಾಟಿನಲ್ಲಿಟ್ಟೆ. ಸೋಣ ತಿಂಗಳು ಬರುವಷ್ಟರಲ್ಲಿ ಅದಕ್ಕೆ ಬೂಷ್ಟು ಹಿಡಿದಿತ್ತು. ಒಳಗೆ ತೊಡಲು ಹತ್ತಿ ಬನಿಯನ್‌ಗಳನ್ನೇ ಕಟ್ಟಿಕೊಂಡೆ. ನಿಜವಾದ ಚಳಿಯಲ್ಲಿ ಹತ್ತಿ ಶತ್ರು. ನಡೆದಾಗ ಬೆವರುತ್ತದೆ, ನಿಂತ ಕೂಡಲೇ ಆ ಒದ್ದೆ ಬಟ್ಟೆ ಮೈಯ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ. ಮೈಗೆ ತಾಗುವ ಪದರ ಉಣ್ಣೆಯದಾಗಿರಬೇಕು, ಗಾಳಿ ತಡೆಯುವ ಪದರ ಹೊರಗಿರಬೇಕು, ಬೂಟು ಎರಡು ಜೊತೆ ಉಣ್ಣೆಯ ಕಾಲುಚೀಲ ಹಿಡಿಯುವಷ್ಟು ಸಡಿಲವಾಗಿರಬೇಕು. ಬಟ್ಟೆಯ ಬಗ್ಗೆ ಇಷ್ಟು ಸಾಕು. ಚಳಿಗೆ ಪರಿಹಾರ ಅಂಗಡಿಯಲ್ಲಿ ಸಿಗುತ್ತದೆ.

ವೀಸಾ ಬೇಡ ಎಂಬ ಮಾತಿನಲ್ಲಿ ಅಡಗಿದ್ದ ಗುಂಡಿಯಿಂದ ನನ್ನನ್ನು ಎತ್ತಿದವರು ಕಾಪುವಿನ ಹಳೆಯ ಸಹೋದ್ಯೋಗಿ, ಹಡಗಿನಲ್ಲಿ ನನಗಿಂತ ಹಿರಿಯರು. ಸ್ವಾಲ್‌ಬಾರ್ಡ್‌ಗೆ ವೀಸಾ ಬೇಡ, ಆದರೆ ಅಲ್ಲಿಗೆ ವಿಮಾನ ಹೋಗುವುದು ಓಸ್ಲೋ ಅಥವಾ ಟ್ರೊಮ್ಸೋ ಮೂಲಕ. ಅವು ಷೆಂಗೆನ್ ವಲಯದೊಳಗಿವೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು), ಸ್ವಾಲ್‌ಬಾರ್ಡ್ ಆ ವಲಯದ ಹೊರಗೆ. ಹಾಗಾಗಿ ಭಾರತದ ಪಾಸ್‌ಪೋರ್ಟ್ ಇರುವವರು ಹೋಗುವಾಗ ಒಮ್ಮೆ, ಬರುವಾಗ ಮತ್ತೊಮ್ಮೆ ಷೆಂಗೆನ್ ಪ್ರವೇಶಿಸಬೇಕಾಗುತ್ತದೆ. ಏಜೆಂಟರು ತುಂಬಿಸಿದ್ದ ಅರ್ಜಿಯಲ್ಲಿ ಒಂದೇ ಪ್ರವೇಶಕ್ಕೆ ಗುರುತು ಹಾಕಿದ್ದರು. "ಹೋಗುವುದು ಹೋಗುತ್ತೀ, ಬರುವುದು ಹೇಗೆ ಮಾರಾಯ?" ಎಂದು ಬೈದು ಅವರೇ ತಿದ್ದಿಸಿದರು. ವೀಸಾ ಚೀಟಿಯ ಮೇಲೆ ಎಷ್ಟು ಪ್ರವೇಶ, ಯಾವ ದಿನಾಂಕದವರೆಗೆ ಎಂದು ಮುದ್ರಿಸಿರುತ್ತಾರೆ. ನನ್ನದರಲ್ಲಿ ಎರಡು ಪ್ರವೇಶ, ಡಿಸೆಂಬರ್ 6ರವರೆಗೆ. ಆ ದಿನ ಕಳೆದ ಮೇಲೆ ಅಲ್ಲಿಂದ ಹೊರಡಬೇಕಾದರೂ ಹೊಸ ವೀಸಾ ಬೇಕು.

ಹೋಟೆಲಿನ ಕೆಲಸ ಬಿಟ್ಟೆ. ಬಿಜೈ ಮನೆ ಖಾಲಿ ಮಾಡಿ ಹೆಂಡತಿಯನ್ನು ಉಡುಪಿಯಲ್ಲಿ ಅಮ್ಮನ ಬಳಿ ಬಿಟ್ಟೆ. ಸ್ಕೂಟರ್ ಮಾರಿದೆ. ಕೈಯಲ್ಲಿ ನಾರ್ವೆಯ ಹಣ 20,000 ಕ್ರೋನ್ ಹಿಡಿದು ನವೆಂಬರ್ 14ರ ಮಧ್ಯಾಹ್ನ ಲಾಂಗ್‌ಇಯರ್‌ಬೀನ್‌ನಲ್ಲಿ ಇಳಿದೆ. ಮಧ್ಯಾಹ್ನ ಎಂದು ಗಡಿಯಾರ ಹೇಳುತ್ತಿತ್ತು, ಹೊರಗೆ ಕಾರಿರುಳು. ಅಕ್ಟೋಬರ್ ಕೊನೆಯ ವಾರದಲ್ಲಿ ಮುಳುಗಿದ ಸೂರ್ಯ ಅಲ್ಲಿ ಫೆಬ್ರವರಿ ಮಧ್ಯದವರೆಗೆ ಮೇಲೆ ಬರುವುದಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿರುವುದು ಬೇರೆ, ಊಟದ ಹೊತ್ತಿಗೆ ನಕ್ಷತ್ರ ನೋಡುವುದು ಬೇರೆ.

ಪತ್ರದಲ್ಲಿ ಹೆಸರಿದ್ದ ಉಪಾಹಾರಗೃಹ ಅಲ್ಲಿ ಇತ್ತು. ಮಾಲೀಕರು ಸಜ್ಜನರು. ಪತ್ರ ನೋಡಿ ಅವರೇ ಗಾಬರಿಯಾದರು. ಏಜೆಂಟರ ಮಿಂಚಂಚೆಗೆ ಅವರು "ಊರಿಗೆ ಬಂದರೆ ಬಂದು ಕಾಣಲಿ" ಎಂದಷ್ಟೇ ಉತ್ತರ ಬರೆದಿದ್ದರಂತೆ. ಅದನ್ನೇ ಬೆಳೆಸಿ ಉದ್ಯೋಗದ ಪತ್ರ ಮಾಡಲಾಗಿತ್ತು. ವಾರಕ್ಕೆ ಎರಡು ದಿನ ಪಾತ್ರೆ ತೊಳೆಯುವ ಕೆಲಸ ಕೊಡಬಲ್ಲೆ, ಬೆಳಕು ಮರಳಿ ಪ್ರವಾಸಿಗರು ಬರತೊಡಗಿದ ಮೇಲೆ ಅಡುಗೆಯ ಕೆಲಸ ನೋಡೋಣ ಎಂದರು. ನಂತರ ಕೇಳಿದರು, "ಮನೆ ಎಲ್ಲಿ ಸಿಕ್ಕಿತು?"

ಆ ಪ್ರಶ್ನೆಯನ್ನು ಆ ಊರಿನಲ್ಲಿ ಎಲ್ಲರೂ ನನ್ನನ್ನು ಕೇಳಿದರು. ಅಂಗಡಿಯವರು ಕೇಳಿದರು, ತಂಗುದಾಣದವರು ಕೇಳಿದರು. ಹೋಟೆಲುಗಳಲ್ಲಿ ಕೊಠಡಿ ಸ್ವಚ್ಛಗೊಳಿಸುವ ಫಿಲಿಪ್ಪೀನ್ಸ್‌ನ ಒಬ್ಬ ಅಕ್ಕ, ಹನ್ನೊಂದು ವರ್ಷದಿಂದ ಅಲ್ಲಿರುವವರು, ನನಗೆ ಅನ್ನ ಬಡಿಸುತ್ತಾ ಬಿಡಿಸಿ ಹೇಳಿದರು. ಇಡೀ ಊರಿನ ಜನಸಂಖ್ಯೆ ಸುಮಾರು 2,500. ಮನೆಗಳಲ್ಲಿ ಹೆಚ್ಚಿನವು ಸರ್ಕಾರದವು ಅಥವಾ ಕಂಪನಿಗಳವು, ಕೆಲಸದ ಜೊತೆಗೇ ಬರುತ್ತವೆ, ಕೆಲಸ ಹೋದರೆ ಜೊತೆಗೇ ಹೋಗುತ್ತವೆ. ನೆಲದಡಿ ಸದಾ ಹೆಪ್ಪುಗಟ್ಟಿರುವ ಮಣ್ಣು, ಕಟ್ಟಡಗಳನ್ನು ಕಂಬಗಳ ಮೇಲೆ ನಿಲ್ಲಿಸಬೇಕು. ಹೊಸದಾಗಿ ಕಟ್ಟುವುದು ಸುಲಭವಲ್ಲ. 2015ರ ಡಿಸೆಂಬರಿನಲ್ಲಿ ಹಿಮಕುಸಿತ ಮನೆಗಳ ಮೇಲೆ ಬಂದು ಇಬ್ಬರು ಸತ್ತರು. ಆಮೇಲೆ ಬೆಟ್ಟದ ಬುಡದ ಎಷ್ಟೋ ಮನೆಗಳನ್ನು ತೆರವು ಮಾಡಬೇಕಾಯಿತು. ಬಾಡಿಗೆಗೆ ಕೋಣೆ ಖಾಲಿಯಾದರೆ ಅದು ಹೊರಗಿನವನ ಕಿವಿಗೆ ಬೀಳುವ ಮೊದಲೇ ತುಂಬಿರುತ್ತದೆ.

ಮಂಗಳೂರಿನಲ್ಲಿ ಕೆಲಸ ಹೋದರೆ ಸುರತ್ಕಲ್‌ನಲ್ಲಿ ಬಾವನ ಮನೆ ಇದೆ. ಅದೂ ಇಲ್ಲದಿದ್ದರೆ ಯಾರದೋ ಜಗಲಿ, ಒಂದು ಚಾಪೆ. ಮಳೆಯೊಂದು ಬೀಳದಿದ್ದರೆ ಇಲ್ಲಿ ಬಯಲಿನಲ್ಲಿ ಮಲಗಿದವನೂ ಬೆಳಗ್ಗೆ ಏಳುತ್ತಾನೆ. ಅಲ್ಲಿ ಸೂರಿಲ್ಲದ ರಾತ್ರಿ ಎಂದರೆ ಸಾವು. ಊರಿನ ಅಂಚಿನಲ್ಲಿ ಹಿಮಕರಡಿಯ ಎಚ್ಚರಿಕೆ ಫಲಕ ಇದೆ, ಆಚೆ ಹೋಗಬೇಕಾದರೆ ಬಂದೂಕು ಬೇಕು. ನಾನು ಹಿಡಿದಿದ್ದು ತಂಗುದಾಣದ ಒಂದು ಮಂಚ, ಕೋಣೆಯಲ್ಲ. ರಾತ್ರಿಗೆ 750 ಕ್ರೋನ್, ಆಗಿನ ಲೆಕ್ಕದಲ್ಲಿ ಸುಮಾರು 6,000 ರೂಪಾಯಿ. ಬಿಜೈಯ ಮನೆಯ ತಿಂಗಳ ಬಾಡಿಗೆ ಎರಡು ರಾತ್ರಿಗೆ ಖರ್ಚಾಗುತ್ತಿತ್ತು. ತರಕಾರಿ, ಹಾಲು ಹೊರಗಿನಿಂದಲೇ ಬರಬೇಕು, ಬೆಲೆಯೂ ಹಾಗೆಯೇ. ಊರಿನಿಂದ ಒಯ್ದಿದ್ದ ನಾಲ್ಕು ಕಿಲೋ ಕುಚ್ಚಲಕ್ಕಿ ಮತ್ತು ಅಮ್ಮನ ಮಾವಿನ ಮಿಡಿ ಉಪ್ಪಿನಕಾಯಿಯಲ್ಲಿ ಹದಿನಾಲ್ಕು ದಿನ ಕಳೆದೆ. ರಾತ್ರಿ ಹಗಲಿನ ಲೆಕ್ಕ ತಪ್ಪಿ ನಿದ್ದೆ ಬರುತ್ತಿರಲಿಲ್ಲ. ಕ್ರೋನ್ ಎಣಿಸುತ್ತಾ ಮಲಗಿರುತ್ತಿದ್ದೆ.

ವೀಸಾ ಬೇಡ ಎಂಬುದರ ಇನ್ನೊಂದು ಮುಖ ಆಗ ಅರ್ಥವಾಯಿತು. ಯಾರು ಬೇಕಾದರೂ ಬರಬಹುದು, ಆದರೆ ತಮ್ಮ ಖರ್ಚನ್ನು ತಾವೇ ನೋಡಿಕೊಳ್ಳಬೇಕು. ಅಲ್ಲಿ ವಿದೇಶೀಯನಿಗೆ ಆಸರೆ ಕೊಡುವ ಕಲ್ಯಾಣ ಯೋಜನೆ ಇಲ್ಲ. ಬದುಕಲು ಸಾಕಷ್ಟು ಹಣ ಇಲ್ಲದವರನ್ನು ಹೊರಗೆ ಕಳುಹಿಸುವ ಅಧಿಕಾರ ರಾಜ್ಯಪಾಲರ ಕಚೇರಿಗೆ ಇದೆ. ಫಿಲಿಪ್ಪೀನ್ಸ್‌ನ ಅಕ್ಕ ನನ್ನ ಪಾಸ್‌ಪೋರ್ಟ್ ತೆರೆದು ಡಿಸೆಂಬರ್ 6ರ ಮೇಲೆ ಉಗುರಿನಿಂದ ಗೀರು ಹಾಕಿ, "ತಮ್ಮಾ, ಇದಕ್ಕೆ ಮೊದಲು ಹೊರಡು" ಎಂದರು. ಬಾವ ಟಿಕೆಟಿಗೆ ಹಣ ಕಳುಹಿಸಿದರು. ಡಿಸೆಂಬರ್ 2ರಂದು ಹೊರಟೆ. ಒಟ್ಟು ಹದಿನೆಂಟು ರಾತ್ರಿ.

ಟಿಕೆಟು, ಬಟ್ಟೆ, ವಿಮೆ, ಏಜೆಂಟರ ಹಣ ಎಲ್ಲ ಸೇರಿ ಕಳೆದದ್ದು ಐದೂವರೆ ಲಕ್ಷಕ್ಕೆ ಹತ್ತಿರ. ಪೊಲೀಸರಿಗೆ ದೂರು ಕೊಟ್ಟ ಮೇಲೆ ಏಜೆಂಟರು 60,000 ರೂಪಾಯಿ ಹಿಂದಿರುಗಿಸಿದರು. ಉಳಿದದ್ದಕ್ಕೆ ಆ 'ಸಮಾಲೋಚನಾ ಶುಲ್ಕ'ದ ರಸೀದಿಯನ್ನೇ ಮುಂದೆ ಮಾಡಿದರು. ಕಚೇರಿಯ ಫಲಕ ಬದಲಾಗಿದೆ, ಕೆಲಸ ನಡೆದೇ ಇದೆ. ಮಗಳು ಮಾರ್ಚ್‌ನಲ್ಲಿ ಉಡುಪಿಯಲ್ಲಿಯೇ ಹುಟ್ಟಿದಳು. ಅಮ್ಮನ ಬಳೆಗಳನ್ನು ಬಿಡಿಸಿಕೊಂಡದ್ದು ಈ ವರ್ಷ.

ಹೋಗಲೇಬಾರದು ಎಂದು ನಾನು ಹೇಳುವುದಿಲ್ಲ. ಆ ಅಕ್ಕ ಹನ್ನೊಂದು ವರ್ಷ ಅಲ್ಲಿ ಗೌರವದಿಂದ ಬದುಕಿದ್ದಾರೆ, ಮಕ್ಕಳನ್ನು ಓದಿಸಿದ್ದಾರೆ. ಅವರು ಹೋದದ್ದು ಮನೆಯ ಒಪ್ಪಂದ ಕೈಗೆ ಬಂದ ಮೇಲೆ. ಸ್ವಾಲ್‌ಬಾರ್ಡ್ ಇರಲಿ, ಕೆನಡಾದ ಉತ್ತರ ಇರಲಿ, ಚಳಿಯ ದೂರದೂರಿಗೆ ಹೊರಡುವವರು ಸಂಬಳದ ಅಂಕಿ ನೋಡುವ ಮೊದಲು ಕೋಣೆಯ ವಿಳಾಸ, ಅದರ ಬಾಡಿಗೆ, ಕೆಲಸ ಬಿಟ್ಟರೆ ಎಷ್ಟು ದಿನದಲ್ಲಿ ಖಾಲಿ ಮಾಡಬೇಕು ಎಂಬುದನ್ನು ಕೆಲಸ ಕೊಡುವವರಿಂದಲೇ ಬರವಣಿಗೆಯಲ್ಲಿ ಪಡೆಯಿರಿ. ಏಜೆಂಟರ ಮೂಲಕ ಬೇಡ. ಆ ಹೋಟೆಲಿಗೆ ನೀವೇ ಫೋನ್ ಮಾಡಿ. ನಾನು ಹೊರಡುವ ಮೊದಲು ಒಂದು ಫೋನ್ ಮಾಡಿದ್ದರೆ ಆ ಮಾಲೀಕರು ಮೊದಲ ನಿಮಿಷದಲ್ಲಿಯೇ ನಿಜ ಹೇಳುತ್ತಿದ್ದರು.

ಬ್ರಹ್ಮಾವರದ ಹುಡುಗರಿಗೆ ನನ್ನ ಪತ್ರವನ್ನು ಅವರ ಪತ್ರದ ಪಕ್ಕದಲ್ಲಿಟ್ಟು ತೋರಿಸಿದೆ. ಸ್ವಲ್ಪ ಹೊತ್ತು ಓದಿ ಚಿಕ್ಕವನು, "ಮನೆಯ ವಿಷಯ ಎರಡರಲ್ಲಿಯೂ ಇಲ್ಲವಲ್ಲ ಅಣ್ಣ" ಎಂದ. ಸೋಮವಾರ ಅವರು ಎರಡನೆಯ ಕಂತು ಕಟ್ಟಬೇಕಿತ್ತು, ಕಟ್ಟಿಲ್ಲ. ಅಂಥದೇ ಪತ್ರ ನಿಮ್ಮ ಮನೆಯಲ್ಲಿಯೂ ಇದ್ದರೆ ಹಣ ಕೊಡುವ ಮೊದಲು ತನ್ನಿ. ನಾನೀಗ ಕಲ್ಸಂಕದ ಸಮೀಪದ ಹೋಟೆಲಿನಲ್ಲಿದ್ದೇನೆ. ಮಧ್ಯಾಹ್ನ ಮೂರರ ಮೇಲೆ ಅಡುಗೆಮನೆಯಲ್ಲಿ ಗಡಿಬಿಡಿ ಇರುವುದಿಲ್ಲ.