ವೇಟೇಜ್ ಸರಾಸರಿಗೆ ಗೂಗಲ್ ಶೀಟ್ಸ್: ಕೆಲಸಕ್ಕೆ ಬರುತ್ತೆ, ಆದರೆ 9/10 ಅಂತ ಬರೆದೀರಿ ಜೋಕೆ

ಸೆಮಿಸ್ಟರ್ ಅಂಕಗಳ ಲೆಕ್ಕಕ್ಕೆ ಬೇರೆ ಆ್ಯಪ್ ಹುಡುಕಬೇಕಿಲ್ಲ, ಶೀಟ್ಸ್ ಧಾರಾಳವಾಗಿ ಸಾಕು. ಎ ಕಾಲಂನಲ್ಲಿ ಪರೀಕ್ಷೆಯ ಹೆಸರು, ಬಿಯಲ್ಲಿ ನೂರಕ್ಕೆ ಬಂದ ಅಂಕ, ಸಿಯಲ್ಲಿ ವೇಟೇಜ್, ಅಂದರೆ ಒಟ್ಟು 100ರಲ್ಲಿ ಆ ಪರೀಕ್ಷೆಯ ಪಾಲು. ಅಸೈನ್‌ಮೆಂಟ್ 95 (ವೇಟೇಜ್ 20), ಮಿಡ್‌ಟರ್ಮ್ 70 (30), ಫೈನಲ್ 60 (50) ಅಂದುಕೊಳ್ಳಿ. ಸಾದಾ ಸರಾಸರಿ 75 ತೋರಿಸಿ ಖುಷಿಪಡಿಸುತ್ತೆ. ನಿಜವಾದದ್ದು 19+21+30, ಅಂದರೆ 70. ಇದಕ್ಕೆ ಸಾಲುಸಾಲಾಗಿ ಗುಣಿಸಿ ಕೂಡಿಸೋ ಸಮ್‌ಪ್ರಾಡಕ್ಟ್ (SUMPRODUCT) ಫಾರ್ಮುಲಾಗೆ ಬಿ, ಸಿ ಎರಡೂ ಕಾಲಂ ಕೊಟ್ಟು, ಬಂದದ್ದನ್ನು ಸಿ ಕಾಲಂನ ಮೊತ್ತದಿಂದ ಭಾಗಿಸಿದರೆ ಮುಗಿಯಿತು.

ಎಡವಟ್ಟಾಗೋದು ಫೈನಲ್‌ಗೆ ಮುಂಚೆ. ಖಾಲಿ ಸೆಲ್ಲನ್ನು ಸಮ್‌ಪ್ರಾಡಕ್ಟ್ ಸೊನ್ನೆ ಅಂತಲೇ ಎಣಿಸುತ್ತೆ, ಭಾಗಿಸೋದು ಮಾತ್ರ ಪೂರ್ತಿ 100ರಿಂದ. ಹಾಗಾಗಿ 40 ಅಂತ ಬಂದು ಎದೆ ಧಸಕ್ಕೆನ್ನುತ್ತೆ. ಮುಗಿದ ಪರೀಕ್ಷೆಗಳ ವೇಟೇಜ್ 50 ಮಾತ್ರ. ಅದರಿಂದ ಭಾಗಿಸಿದರೆ 80. ಸಮ್‌ಇಫ್ (SUMIF) ಬಳಸಿ ಅಂಕ ತುಂಬಿದ ಸಾಲುಗಳ ವೇಟೇಜನ್ನಷ್ಟೇ ಕೂಡಿಸಿ. ಒಟ್ಟು 75 ಬೇಕಿದ್ದರೆ ಫೈನಲ್‌ನಲ್ಲಿ ಎಷ್ಟು? 75ರಲ್ಲಿ 40 ಕಳೆದು 0.5ರಿಂದ ಭಾಗಿಸಿ: 70.

ಇನ್ನೊಂದು ಕಿರಿಕಿರಿ: 9/10 ಅಂತ ಟೈಪಿಸಿದರೆ ಶೀಟ್ಸ್ ಅದನ್ನು ತಾರೀಖು ಮಾಡಿಬಿಡುತ್ತೆ. ತಾರೀಖಿನ ಹಿಂದಿರೋದು ನಲವತ್ತು ಸಾವಿರ ದಾಟಿದ ಸಂಖ್ಯೆ, ಸರಾಸರಿ ಆಕಾಶಕ್ಕೇ ಹಾರುತ್ತೆ. =9/10*100 ಅಂತ ಬರೆಯಿರಿ. ತಾರೀಖಿನ ಎಡವಟ್ಟಾದರೂ ಕಣ್ಣಿಗೆ ಬೀಳುತ್ತೆ. ಪಠ್ಯವಾಗಿ ಉಳಿದ ಅಂಕ ಸದ್ದಿಲ್ಲದೆ ಸೊನ್ನೆಯಾಗುತ್ತೆ. ಸೆಲ್ಲಿನ ಎಡಕ್ಕೆ ಅಂಟಿಕೊಂಡ ಸಂಖ್ಯೆ ಕಂಡರೆ ಅನುಮಾನಪಡಿ.

ಫೋನಿನಲ್ಲಿ ಫಾರ್ಮುಲಾ ತಿದ್ದೋದು ಹಿಂಸೆ. ಲ್ಯಾಪ್‌ಟಾಪ್‌ನಲ್ಲಿ ಒಮ್ಮೆ ಕಟ್ಟಿಟ್ಟು, ಫೋನಿನಲ್ಲಿ ಅಂಕ ಮಾತ್ರ ತುಂಬಿಸಿ. ನನ್ನ ರೇಟಿಂಗ್: ಐದಕ್ಕೆ ನಾಲ್ಕು.